ಕೃಷ್ಣಪ್ಪ ಕೊಟ್ಟ ಮಾರ್ಕ್ಸು

ಜಯಲಕ್ಷ್ಮಿಪುರಂನ ಒಂದು ಅಡ್ಡರಸ್ತೆಯಲ್ಲಿ, ಹಲ್ಲಿನ ಡಾಕ್ಟರ ಶಾಪಿನ ಮೇಲಿನ ಮಹಡಿಯಲ್ಲಿ, ‘ಮನೋನೆಲೆ’ ಎಂಬ ಕಂಪನಿಯ ಆಫೀಸಿತ್ತು. ಖಿನ್ನತೆಗೆ ಬಿದ್ದವರಿಗೆ ಫೋನಿನ ಮೂಲಕವೇ ಚಿಕಿತ್ಸೆ ಕೊಡುವ ಕಂಪನಿ ಅದು. ರೋಗಿಗಳ್ಯಾರೂ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಬೇಕಾದ ಕಷ್ಟವೇ ಇಲ್ಲ ಎನ್ನುವುದು ಕಂಪನಿಯವರ ಹೆಮ್ಮೆ. ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ದೇವಿರಮ್ಮ ಎಂಬ ಐವತ್ತರ ಹೆಂಗಸು ಆ ಮೆಟ್ಟಿಲು ಹತ್ತಿ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ನಿಂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂತಿದ್ದವರನ್ನೆಲ್ಲ ಒಮ್ಮೆ ನೋಡಿದಳು.

“ಇದ್ರಲ್ಲಿ ಸುಷ್ಮಾ ಮೇಡಮ್ ಅನ್ನೋರು ಯಾರು?”

ಸುಷ್ಮಾ ಎದ್ದು ನಿಂತಳು. ನಲವತ್ತೊಂದು ವರ್ಷದ ಅವಳು ಆ ಕಂಪನಿಯ ಎಂಟು ಜನ ಆಪ್ತಸಮಾಲೋಚಕರಲ್ಲಿ ಒಬ್ಬಳು. “ನಾನೇ, ಹೇಳಿ ಅಮ್ಮ.”

“ನೀವೇನಾ? ನೀವೇನಾ ನಮ್ಮೆಜಮಾನ್ರಿಗೆ ವಾಸಿಯಾಯ್ತು ಅಂದೋರು?” ದೇವಿರಮ್ಮ ಸೆರಗಿನ ಒಳಗಿಂದ ಫೋನು ತೆಗೆದು ಮುಂದೆ ಹಿಡಿದಳು. “ನೋಡಿ, ನೀವೇ ಕಳ್ಸಿರೋದು. ಚಪ್ಪಾಳೆ ಹೊಡ್ದಿದೀರಿ. ಬಲೂನು ಹಾರ್ಸಿದೀರಿ. ಅಲ್ಲಿ ಆ ಮನುಷ್ಯ ಒಂಬತ್ತು ದಿವ್ಸದಿಂದ ಗೋಡೆ ಕಡೆ ಮಕ ಮಾಡ್ಕೊಂಡು ಮಲ್ಗವ್ರೆ. ಸ್ನಾನ ಇಲ್ಲ, ಊಟ ಇಲ್ಲ. ಆಷಾಢ ಶುಕ್ರವಾರ, ಬೆಟ್ಟಕ್ಕಾರ ಹೋಗ್ಬರೋಣ ಬನ್ನಿ ಅಂದ್ರೆ ಆ ಕಡೆಯಿಂದ ಈ ಕಡೆಗೆ ಹೊರಳ್ನಿಲ್ಲ. ಎಂಗೆ ವಾಸಿ ಮಾಡಿದ್ರಿ ನೀವು? ಯಾರನ್ನ ನೋಡಿ ಮಾಡಿದ್ರಿ?”

ಫೋನಿನ ತೆರೆಯ ಮೇಲೆ ಬಣ್ಣದ ಬಲೂನುಗಳು ಒಂದೊಂದಾಗಿ ಮೇಲಕ್ಕೆ ಹೋಗುತ್ತಿದ್ದವು. ಅದರ ನಡುವೆ ಅಕ್ಷರಗಳು: ‘ಅಭಿನಂದನೆಗಳು ಕೃಷ್ಣಪ್ಪ ಅವರೇ! ನೀವು ನಿಮ್ಮ ಗುರಿ ತಲುಪಿದ್ದೀರಿ. ಇನ್ನು ಮುಂದೆ ನಿಮ್ಮ ಪಾಠಗಳು ನಿಮ್ಮ ಜೊತೆಗಿರುತ್ತವೆ.’ ಕೆಳಗೆ ಸುಷ್ಮಾಳ ಫೋಟೊ ಇತ್ತು, ನಗುತ್ತಿರುವ ಫೋಟೊ. ಆ ಮಾತನ್ನು ಅವಳು ಬರೆದಿರಲಿಲ್ಲ. ಅಂಥದೊಂದು ಸಂದೇಶ ಹೋಗುತ್ತದೆ ಎನ್ನುವುದು ಗೊತ್ತಿದ್ದರೂ, ಅದರ ಕೆಳಗೆ ತನ್ನ ಮುಖ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಆ ಕ್ಷಣಕ್ಕೆ ಅದು ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೃಷ್ಣಪ್ಪ ಮೇಟಗಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ಓಡಿಸಿದವನು. ಚಾವಣಿಗೆ ಹತ್ತಿರ, ಕಂಬಿಗಳ ಮೇಲೆ ಓಡಾಡುವ ದೊಡ್ಡ ಕ್ರೇನು. ಅದಕ್ಕೆ ತಗುಲಿಕೊಂಡ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಅವನು ಕರಗಿದ ಕಬ್ಬಿಣದ ಬಕೀಟುಗಳನ್ನು ಹನಿ ಚೆಲ್ಲದ ಹಾಗೆ ಸಾಗಿಸುತ್ತಿದ್ದ. ಎರಡು ವರ್ಷದ ಕೆಳಗೆ ಕಾರ್ಖಾನೆಯವರು ಕ್ಯಾಬಿನ್ ತೆಗೆದುಹಾಕಿದರು. ಕೆಳಗೆ ನಿಂತು ರಿಮೋಟಿನಲ್ಲೇ ನಡೆಸಬಹುದಾದ ಹೊಸ ಕ್ರೇನು ಬಂತು. ಕೃಷ್ಣಪ್ಪನನ್ನು ಸ್ಟೋರಿಗೆ ಹಾಕಿದರು. ಕೈಗವಸು, ಬೂಟು, ಟೋಪಿ ಎಣಿಸಿ ಕೊಡುವ ಕೆಲಸ. ಸಂಬಳ ಅಷ್ಟೇ ಇತ್ತು. ಮನುಷ್ಯ ಮಾತ್ರ ದಿನದಿನಕ್ಕೆ ಇಳಿದುಹೋದ. ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು. ಆ ಕಾರ್ಖಾನೆ ತನ್ನ ಕಾರ್ಮಿಕರಿಗೆಂದು ‘ಮನೋನೆಲೆ’ಯ ಸೇವೆ ಕೊಂಡಿದ್ದರಿಂದ, ಏಪ್ರಿಲ್ ಕೊನೆಯಲ್ಲಿ ಅವನು ಸುಷ್ಮಾಳ ಪಾಲಿಗೆ ಬಂದ.

ಚಿಕಿತ್ಸೆ ನಡೆಯುತ್ತಿದ್ದದ್ದು ಹೀಗೆ. ವಾರಕ್ಕೊಂದು ಸಲ ಮುಕ್ಕಾಲು ಗಂಟೆ ವಿಡಿಯೋ ಮಾತುಕತೆ. ನಡುವೆ ಫೋನಿನಲ್ಲಿ ಓದುವ ಪಾಠಗಳು, ಬರೆದು ಕಳಿಸುವ ನಾಲ್ಕು ಸಾಲು. ಭಾನುವಾರ ಬೆಳಿಗ್ಗೆ ಒಂಬತ್ತು ಪ್ರಶ್ನೆ: ಈ ವಾರ ಎಷ್ಟು ದಿನ ಮನಸ್ಸು ಕುಗ್ಗಿತ್ತು, ಎಷ್ಟು ದಿನ ನಿದ್ದೆ ಬರಲಿಲ್ಲ, ಬದುಕುವುದೇ ಬೇಡ ಎನ್ನಿಸಿತ್ತೆ. ಈ ಉತ್ತರಗಳನ್ನೂ ರೋಗಿ ಬರೆದ ಸಾಲುಗಳನ್ನೂ ಕಂಪನಿಯ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯೊಂದು ಓದುತ್ತಿತ್ತು. ಅದಕ್ಕೆ ‘ದಿಕ್ಕು’ ಎಂದು ಹೆಸರಿಟ್ಟಿದ್ದರು. ದಿಕ್ಕು ಪ್ರತಿ ಸೋಮವಾರ ಪ್ರತಿಯೊಬ್ಬ ರೋಗಿಯ ಹೆಸರಿನ ಮುಂದೆ ಒಂದು ಬಣ್ಣ ಇಡುತ್ತಿತ್ತು. ಕೆಂಪಾದರೆ ತಕ್ಷಣ ಫೋನು ಮಾಡಬೇಕು. ಹಳದಿಯಾದರೆ ಚಿಕಿತ್ಸೆ ಬದಲಿಸಬೇಕೇ ಎಂದು ಯೋಚಿಸಬೇಕು. ಹಸಿರಾದರೆ ಆ ಮನುಷ್ಯನಿಗೆ ಇನ್ನು ಸಮಾಲೋಚಕರ ಅಗತ್ಯವಿಲ್ಲ, ಪಾಠಗಳಷ್ಟೇ ಸಾಕು.

ಮೊದಲು ಇದು ಬರೀ ಸಲಹೆಯಾಗಿತ್ತು. ಯುಗಾದಿ ಕಳೆದ ಮೇಲೆ ಹಸಿರಿನ ಮಟ್ಟಿಗೆ ತಾನೇ ಜಾರಿಯಾಗುವಂತೆ ಮಾಡಿದರು. ಸಮಾಲೋಚಕರಿಗೆ ಒಪ್ಪಿಗೆಯಿಲ್ಲದಿದ್ದರೆ ಒಂದು ದಿನದೊಳಗೆ ಕಾರಣ ಬರೆದು ತಡೆಯಬಹುದು. ಯಾರು ಎಷ್ಟು ಸಲ ತಡೆದರು ಎಂಬ ಲೆಕ್ಕ ತಿಂಗಳ ಸಭೆಯಲ್ಲಿ ಗೋಡೆಯ ಮೇಲೆ ಮೂಡುತ್ತಿತ್ತು.

ಕೃಷ್ಣಪ್ಪನ ಅಂಕ ಮೊದಲ ವಾರ ಹತ್ತೊಂಬತ್ತು. ಹೆಚ್ಚಿದ್ದಷ್ಟೂ ಕಷ್ಟ ಹೆಚ್ಚು. ನಾಲ್ಕನೇ ವಾರಕ್ಕೆ ಹನ್ನೊಂದಾಯಿತು, ಆರನೇ ವಾರಕ್ಕೆ ಆರು, ಎಂಟಕ್ಕೆ ಮೂರು. ದಿಕ್ಕು ಹಸಿರು ತೋರಿಸಿತು. ಪಕ್ಕದಲ್ಲಿ ಕಾರಣವನ್ನೂ ಬರೆದಿತ್ತು: ‘ಅಂಕಗಳಲ್ಲಿ ಸತತ ಇಳಿಕೆ. ಸಂದೇಶಗಳಲ್ಲಿ ಕೃತಜ್ಞತೆಯ ಪದಗಳು ಹೆಚ್ಚಿವೆ.’ ಹೆಚ್ಚಿದ್ದವು ನಿಜ. ‘ತುಂಬ ಉಪಕಾರ ಮೇಡಮ್, ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ’ ಎಂದು ಅವನು ಒಂದೇ ವಾರದಲ್ಲಿ ಮೂರು ಸಲ ಬರೆದಿದ್ದ.

ಸುಷ್ಮಾ ಅದನ್ನು ಓದಿ ಕೂತಲ್ಲೇ ಬೆಚ್ಚಿದ್ದಳು. ಮುಳುಗುತ್ತಿರುವವರು ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಉಪಕಾರ ಹೇಳತೊಡಗಿದರೆ ಎಚ್ಚರವಾಗಿರಬೇಕು ಎನ್ನುವುದು ಅವಳು ಹದಿನೈದು ವರ್ಷದ ಕೆಲಸದಲ್ಲಿ ಕಲಿತ ಪಾಠ. ಹಿಂದಿನ ಮಾತುಕತೆಯಲ್ಲಿ ಅವಳ ಪ್ರಶ್ನೆ ಮುಗಿಯುವ ಮುಂಚೆಯೇ ಅವನು “ಚೆನ್ನಾಗಿದೀನಿ ಮೇಡಮ್” ಎಂದಿದ್ದ. ಆ ಅವಸರ ಅವಳಿಗೆ ಹಿಡಿಸಿರಲಿಲ್ಲ. ತಡೆಯುವ ಗುಂಡಿ ಒತ್ತಿ, ಕಾರಣದ ಜಾಗದಲ್ಲಿ ‘ಧ್ವನಿ ಸರಿಯಿಲ್ಲ’ ಎಂದು ಬರೆದಳು. ‘ದಯವಿಟ್ಟು ಅಳೆಯಬಹುದಾದ ಕಾರಣ ನೀಡಿ’ ಎಂದು ಉತ್ತರ ಬಂತು. ಆ ವಾರ ಅವಳು ಅದಾಗಲೇ ಮೂವರ ಹಸಿರು ತಡೆದಿದ್ದಳು. ಮುಂದಿನ ಕರೆಗೆ ನಾಲ್ಕು ನಿಮಿಷವಿತ್ತು. ಗುಂಡಿ ವಾಪಸು ಒತ್ತಿ, ತಡೆ ತೆಗೆದುಬಿಟ್ಟಳು. ಅದಾಗಿ ಈಗ ಮೂರು ವಾರ.

“ನಾನೂ ಬರ್ತೀನಿ, ನಡೀರಿ,” ಎಂದು ಸುಷ್ಮಾ ದೇವಿರಮ್ಮನಿಗೆ ಹೇಳಿ ಬ್ಯಾಗು ತೆಗೆದುಕೊಂಡಳು. ಪಕ್ಕದಲ್ಲಿದ್ದ ಸಮನ್ವಿತಾ ಹೆಡ್‌ಫೋನು ಸರಿಸಿ, “ಮನೆಗೆ ಹೋಗೋ ಹಾಗಿಲ್ಲ ಸುಷ್ಮಾ, ರೂಲ್ಸ್ ಇದೆ” ಎಂದು ಪಿಸುಗುಟ್ಟಿದಳು. ಸುಷ್ಮಾ ಅವಳ ಕಡೆ ನೋಡಲೂ ಇಲ್ಲ.

ಆಟೋದಲ್ಲಿ ದೇವಿರಮ್ಮ ಬಾಯಿ ಮುಚ್ಚಲಿಲ್ಲ. ಕಾರ್ಖಾನೆಯವರನ್ನು ಬೈದಳು, ಫೋನನ್ನು ಬೈದಳು, ಮಂಡ್ಯಕ್ಕೆ ಕೊಟ್ಟಿರುವ ಮಗಳು ವಾರಕ್ಕೊಂದು ಸಲವೂ ಬರುವುದಿಲ್ಲವೆಂದು ಅವಳನ್ನೂ ಬೈದಳು. “ನಾನು ಅವತ್ತೇ ಯೋಳ್ದೆ, ಫೋನಲ್ಲಿ ಎಂಗ್ರೀ ಮನ್ಸು ನೋಡ್ತಾರೆ ಅಂತ. ಇಲ್ಲ ಕಣೆ, ಆ ಮೇಡಮ್ಮು ಬಾಳ ಒಳ್ಳೇರು ಅಂದ್ರು. ನಿಮ್ಮನ್ನ ಬಾಳ ಒಳ್ಳೇರು ಅಂದ್ರು ಕಣ್ರೀ.” ಅಷ್ಟು ಹೇಳಿ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡಳು.

ಕುಂಬಾರಕೊಪ್ಪಲಿನ ಎರಡು ಕೋಣೆಯ ಮನೆ. ನಡುಮನೆಯ ಮಂಚದ ಮೇಲೆ ಕೃಷ್ಣಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಐವತ್ತನಾಲ್ಕರ ಆ ಮನುಷ್ಯನ ಬೆನ್ನೆಲುಬು ಬನಿಯನ್ನಿನೊಳಗಿಂದ ಕಾಣುತ್ತಿತ್ತು. ಸುಷ್ಮಾ ಅವನನ್ನು ವಿಡಿಯೋದಲ್ಲಿ ಭುಜದವರೆಗೆ ಮಾತ್ರ ಕಂಡಿದ್ದಳು. ಇಷ್ಟು ಉದ್ದದ ಆಳು ಎಂದು ಗೊತ್ತಿರಲಿಲ್ಲ. ದೇವಿರಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಳು.

“ಕೃಷ್ಣಪ್ಪನವರೇ, ನಾನು ಸುಷ್ಮಾ.”

ಬಹಳ ಹೊತ್ತು ಅವನು ಅಲುಗಲಿಲ್ಲ. ಆಮೇಲೆ ನಿಧಾನಕ್ಕೆ ಈ ಕಡೆ ಹೊರಳಿ, ಅವಳನ್ನು ನೋಡಿ, ಎದ್ದು ಕೂರಲು ಹೆಣಗಿದ. ಹೆಂಗಸಿನ ಮುಂದೆ ಬನಿಯನ್ನಿನಲ್ಲಿದ್ದೇನೆ ಎಂಬ ಸಂಕೋಚಕ್ಕೆ ಹೊದಿಕೆ ಎಳೆದುಕೊಂಡ.

“ಅಯ್ಯೋ, ನೀವ್ಯಾಕೆ ಬರಕೋದ್ರಿ ಮೇಡಮ್,” ಎಂದ. ದನಿ ಕೇಳಿಸುವ ಹಾಗಿರಲಿಲ್ಲ. “ನಿಮ್ಗೇನಾದ್ರೂ ತೊಂದ್ರೆ ಆಯ್ತಾ?”

“ನನಗಾ? ನನಗೇನು ತೊಂದರೆ?”

“ನಾನು ಎಲ್ಲ ಸರ್ಯಾಗೇ ಹಾಕಿದ್ನಲ್ಲ, ಭಾನುವಾರ ಭಾನುವಾರ. ನಿಮ್ಗೆ ಕೆಟ್ಟದಾಗಂಗೆ ಏನೂ ಹಾಕಿಲ್ಲ.”

ಸುಷ್ಮಾಳಿಗೆ ಅರ್ಥವಾಗಲಿಲ್ಲ. “ಏನು ಹಾಕಿದ್ರಿ?”

“ಮಾರ್ಕ್ಸು. ಆ ಒಂಬತ್ತು ಪ್ರಶ್ನೆ ಬತ್ತದಲ್ಲ... ಅದು ನಿಮ್ಗಲ್ವಾ?” ಅವನು ಅವಳ ಮುಖ ನೋಡಿದ. “ಕೊನೇಗೆ ನಿಮ್ಮ ಫೋಟೊ ಬತ್ತದೆ, ಎಷ್ಟು ಸ್ಟಾರು ಕೊಡ್ತೀರಿ ಅಂತ ಕೇಳ್ತದೆ. ನೀವೂ ಹೇಳಿದ್ರಿ ಮೊದ್ಲನೇ ದಿನ, ಇದನ್ನ ನೋಡಿ ನಮ್ಮ ಕೆಲ್ಸ ಎಂಗಾಗ್ತಿದೆ ಅಂತ ತಿಳ್ಕೋತೀವಿ ಅಂತ. ನಾನು ಮನ್ಸು ಸರಿಯಿಲ್ಲ, ನಿದ್ದೆ ಇಲ್ಲ ಅಂತ ವಾರವಾರ ಹಾಕ್ತಾ ಹೋದ್ರೆ, ಇವ್ಳ ಕೈಲಿ ಆಯ್ತಾ ಇಲ್ಲ ಅಂತ ನಿಮ್ಮನ್ನ ತೆಗೆದ್ಬುಟ್ರೆ? ನನ್ನ ತೆಗೆದ್ರಲ್ಲ ಕ್ರೇನ್ ಮೇಲಿಂದ. ಅಂಗೆ.”

ಹೌದು, ಅವಳೇ ಹೇಳಿದ್ದಳು. ಮೊದಲ ಮಾತುಕತೆಯಲ್ಲಿ ಎಲ್ಲರಿಗೂ ಹೇಳಬೇಕೆಂದು ಕಂಪನಿ ಬರೆದುಕೊಟ್ಟ ವಾಕ್ಯ ಅದು. ಇನ್ನೂರು ಜನಕ್ಕೆ ಅದನ್ನೇ ಒಪ್ಪಿಸಿದ್ದಳು. ಒಂಬತ್ತು ಪ್ರಶ್ನೆಗಳ ಕೆಳಗೆ, ಅದೇ ಪುಟದಲ್ಲಿ, ಸಮಾಲೋಚಕರಿಗೆ ಎಷ್ಟು ನಕ್ಷತ್ರ ಎಂದು ಕೇಳುತ್ತಿದ್ದದ್ದೂ ನಿಜ. ಎರಡೂ ಬೇರೆಬೇರೆ ಎಂದು ಈ ಮನುಷ್ಯನಿಗೆ ಯಾರು ಹೇಳಬೇಕಾಗಿತ್ತು?

“ಮನಸ್ಸು ನಿಜವಾಗಿ ಹೇಗಿತ್ತು?” ಎಂದು ಕೇಳಿದಳು.

“ಇಂಗೇ ಇತ್ತು.”

“ಬದುಕೋದೇ ಬೇಡ ಅಂತ ಅನ್ನಿಸಿದ್ದುಂಟಾ?”

ಕೃಷ್ಣಪ್ಪ ಹೆಂಡತಿಯ ಕಡೆ ನೋಡಿದ. ದೇವಿರಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. “ಅದ್ಕೂ ಸೊನ್ನೆ ಹಾಕ್ದೆ,” ಎಂದ ಅವನು. “ನಾನು ಹೋದ್ರೂ ನಿಮ್ಮ ಮೇಲೆ ಬರಬಾರ್ದು ಅಂತ.”

ದೇವಿರಮ್ಮ ಅತ್ತಿದ್ದರೆ ಚೆನ್ನಾಗಿತ್ತೇನೋ. ಅಳಲಿಲ್ಲ. ಒಳಗೆ ಹೋಗಿ ಗಂಡನ ಷರಟು ತಂದು ಅವನ ತೊಡೆಯ ಮೇಲೆ ಎಸೆದಳು. “ಹಾಕ್ಕಳಿ. ಏಳಿ. ಎಲ್ಲಿಗಂತೀರಿ ಮೇಡಮ್, ಯಾವ ಆಸ್ಪತ್ರೆಗೆ?”

ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಹನ್ನೆರಡೂವರೆಗೆ ಚೀಟಿ ಮಾಡಿಸಿದರು. ಕಾಯುವಾಗ ಆಫೀಸಿನಿಂದ ಏಳು ಕರೆ ಬಂದವು. ಸುಷ್ಮಾ ಯಾವುದನ್ನೂ ಎತ್ತಲಿಲ್ಲ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಕೃಷ್ಣಪ್ಪನ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರೂ ಗಡಿಯಾರದ ಕಡೆ ನೋಡಲಿಲ್ಲ. ಒಂದು ವಾರ ವಾರ್ಡಿನಲ್ಲಿ ಇರಲಿ ಎಂದರು, ಮಾತ್ರೆ ಶುರು ಮಾಡಿದರು. “ಇಷ್ಟು ದಿನ ಯಾರು ನೋಡ್ತಿದ್ರು?” ಎಂದು ಕೇಳಿದಾಗ ಸುಷ್ಮಾ, “ನಾನು” ಎಂದಳು.

ಮರುದಿನ ಬೆಳಿಗ್ಗೆ ಮಹದೇವಪ್ರಸಾದ್ ಅವಳನ್ನು ತನ್ನ ಕೋಣೆಗೆ ಕರೆಸಿದ. ಕಂಪನಿಯ ಚಿಕಿತ್ಸಾ ವಿಭಾಗದ ಮುಖ್ಯಸ್ಥ, ಸುಷ್ಮಾ ಎಂ.ಎಸ್ಸಿ. ಓದುವಾಗ ಅವಳ ತರಗತಿಗೆ ಪಾಠ ಮಾಡಿದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳ ಸುಲಭವಾಗುತ್ತಿತ್ತು.

“ಕೂತ್ಕೊಳ್ಳಿ ಸುಷ್ಮಾ. ಅವರು ಹೇಗಿದ್ದಾರೆ?”

“ಬದುಕಿದ್ದಾರೆ.”

“ಸಮಾಧಾನ. ಆದರೆ ನೀವು ರೋಗಿಯ ಮನೆಗೆ ಹೋದದ್ದು...”

“ಸರ್, ಅದನ್ನ ಆಮೇಲೆ ಮಾತಾಡೋಣ. ಮೊದಲು ಇದನ್ನ ಹೇಳಿ. ಹಸಿರು ಬಿದ್ದವರು ಯುಗಾದಿಯಿಂದ ಈಚೆಗೆ ಇನ್ನೂರ ನಲವತ್ತು ಜನ ಇದ್ದಾರೆ. ಅವರಲ್ಲಿ ಎಷ್ಟು ಜನ ನಮಗೆ ಮಾರ್ಕ್ಸ್ ಕೊಡ್ತಿದ್ದೀವಿ ಅಂದ್ಕೊಂಡು ಸೊನ್ನೆ ಹಾಕಿದ್ದಾರೆ? ಗೊತ್ತಾ ನಿಮಗೆ?”

“ಒಬ್ಬರು ತಪ್ಪು ತಿಳ್ಕೊಂಡರು ಅಂತ ಎಲ್ಲರೂ...”

“ಗೊತ್ತಾ ಅಂತ ಕೇಳಿದೆ.”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಗೊತ್ತಿಲ್ಲ. ಆದರೆ ನೀವೂ ಒಂದು ಮಾತು ಕೇಳಿ. ಎಂಟು ಜನ ಇದ್ದೀರಿ, ಬರೋರು ಒಂಬೈನೂರು. ದಿಕ್ಕು ಇಲ್ಲದೆ ಇದ್ದಾಗ ಜನ ಮೂರು ತಿಂಗಳು ಕಾಯ್ತಿದ್ರು. ಈಗ ನಾಲ್ಕು ದಿನ. ಚೆನ್ನಾಗಿರೋರನ್ನ ಬಿಡದೆ ಹೋದ್ರೆ ಹೊಸಬರಿಗೆ ಜಾಗ ಎಲ್ಲಿಂದ ಬರುತ್ತೆ? ಮತ್ತೆ ಲಾಸ್ಯನ ವಿಷಯ ನಿಮಗೆ ನೆನಪಿರಬೇಕು.”

ನೆನಪಿತ್ತು. ಮರೆಯುವಂಥದಲ್ಲ. ಹೋದ ಡಿಸೆಂಬರಿನಲ್ಲಿ ಲಾಸ್ಯ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ಬಗ್ಗೆ ಸುಷ್ಮಾ ‘ಸುಧಾರಿಸುತ್ತಿದ್ದಾಳೆ’ ಎಂದು ಬರೆದಿದ್ದಳು. ದಿಕ್ಕು ಕೆಂಪು ತೋರಿಸಿತು. ಸಂಜೆಯೇ ಫೋನು ಮಾಡಿ, ಹಾಸ್ಟೆಲಿನವರನ್ನು ಎಚ್ಚರಿಸಿ, ಹುಡುಗಿಯನ್ನು ಉಳಿಸಿಕೊಂಡರು. ಸುಷ್ಮಾಳ ಕಣ್ಣಿಗೆ ಕಾಣದ್ದು ಅದಕ್ಕೆ ಕಂಡಿತ್ತು. ಈ ಮಾತು ಎತ್ತಿದ ಕೂಡಲೇ ಅವಳು ತಣ್ಣಗಾಗುತ್ತಾಳೆ ಎಂದು ಮಹದೇವಪ್ರಸಾದ್ ಎಣಿಸಿದ್ದ. ಅವಳು ಇನ್ನಷ್ಟು ಉರಿದಳು.

“ಕೆಂಪು ಬಿದ್ದಾಗ ಏನಾಯ್ತು ಸರ್? ಒಬ್ಬ ಮನುಷ್ಯ ಫೋನ್ ತಗೊಂಡ. ಒಬ್ಬ ಮನುಷ್ಯ ಹಾಸ್ಟೆಲ್ ಬಾಗಿಲು ತಟ್ಟಿದ. ಹಸಿರು ಬಿದ್ದಾಗ ಏನಾಗುತ್ತೆ? ಇರೋ ಒಬ್ಬ ಮನುಷ್ಯನನ್ನೂ ಎತ್ಕೊಂಡು ಹೋಗ್ತೀರಿ. ದಿಕ್ಕು ಸುಳ್ಳು ಹೇಳ್ತು ಅಂತ ನಾನು ಹೇಳ್ತಿಲ್ಲ. ಆ ಮನುಷ್ಯ ಸುಳ್ಳು ಹೇಳಿದ್ರು, ಅದು ನಂಬ್ತು. ನಾನು ನಂಬಲಿಲ್ಲ. ಧ್ವನಿ ಸರಿಯಿಲ್ಲ ಅಂತ ಬರೆದೆ. ಅಳತೆ ತೋರ್ಸಿ ಅಂದ್ರಿ.”

“ನೀವು ತಡೆ ವಾಪಸ್ ತಗೊಂಡ್ರಿ, ಸುಷ್ಮಾ. ಅದೂ ದಾಖಲೆಯಲ್ಲಿದೆ.”

ಅದು ನೆಟ್ಟಗೆ ಹೋಗಿ ತಾಗಿತು. “ತಗೊಂಡೆ,” ಎಂದಳು. “ಗೋಡೆ ಮೇಲೆ ನನ್ನ ಹೆಸರು ಬರುತ್ತಲ್ಲ ತಿಂಗಳಿಗೊಂದ್ಸಲ, ಅದಕ್ಕೆ ಹೆದರಿ ತಗೊಂಡೆ. ಕೃಷ್ಣಪ್ಪನವರು ನನ್ನ ಕೆಲಸ ಹೋದೀತು ಅಂತ ಸೊನ್ನೆ ಹಾಕಿದ್ರು. ನಾನೂ ನನ್ನ ಕೆಲಸ ಹೋದೀತು ಅಂತಲೇ ಬಾಯಿ ಮುಚ್ಕೊಂಡೆ. ಇದನ್ನ ಕಟ್ಟಿದೋರು ಯಾರು ಸರ್? ದಿಕ್ಕಾ?”

ಹಸಿರು ಬಿದ್ದ ಅಷ್ಟೂ ಜನಕ್ಕೆ ಇವತ್ತೇ ಫೋನು ಮಾಡಿಸಿ ಎಂದು ಅವಳು ಕೇಳಿದಳು. ಬೆಂಗಳೂರಿನಲ್ಲಿರುವ ನಿರ್ದೇಶಕರನ್ನು ಕೇಳದೆ ಆಗುವುದಿಲ್ಲ, ಸೋಮವಾರ ಹೇಳುತ್ತೇನೆ ಎಂದ ಮಹದೇವಪ್ರಸಾದ್. ಬಾಗಿಲು ಮುಚ್ಚಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ಅವಳು ಹೊರಗೆ ಬಂದಳು.

ಸೋಮವಾರದವರೆಗೆ ಕಾಯಲಿಲ್ಲ. ತನ್ನ ಪಟ್ಟಿಯಲ್ಲಿ ಹಸಿರು ಬಿದ್ದು ಹೋಗಿದ್ದ ಮೂವತ್ತೊಂದು ಜನಕ್ಕೆ ಶುಕ್ರವಾರ ಮಧ್ಯಾಹ್ನದಿಂದ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. ಕಂಪನಿಯ ಫೋನಿನಿಂದಲೇ ಮಾಡಿದಳು. ಕದ್ದು ಮಾಡುವ ಕೆಲಸ ಅಲ್ಲ ಎನ್ನುವುದು ಅವಳ ಹಟ. ಕೆಲವರಿಗೆ ಆಶ್ಚರ್ಯ, ಕೆಲವರಿಗೆ ಸಂತೋಷ. ಇಪ್ಪತ್ತೆರಡು ಜನ ನಿಜಕ್ಕೂ ಚೆನ್ನಾಗಿದ್ದರು. ಬನ್ನಿಮಂಟಪದ ಒಬ್ಬ ಟೈಲರು, “ಆ ಪಾಠಗಳನ್ನ ಈಗಲೂ ಓದ್ತೀನಿ ಮೇಡಮ್, ನೀವೂ ಆರಾಮಾಗಿದ್ದೀರಾ?” ಎಂದು ಅವಳನ್ನೇ ವಿಚಾರಿಸಿದ. ಒಬ್ಬಳು ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಕರೆದಳು. ಫೋನು ಇಟ್ಟಾಗಲೆಲ್ಲ ಸುಷ್ಮಾಳ ಸಿಟ್ಟಿಗೆ ಒಂದೊಂದು ಪೆಟ್ಟು ಬೀಳುತ್ತಿತ್ತು. ಎಲ್ಲವೂ ಕೆಟ್ಟದ್ದಾಗಿದ್ದರೆ ಅವಳಿಗೆ ಹಾಯಾಗಿರುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಐವರು ಫೋನು ಎತ್ತಲಿಲ್ಲ. ಉಳಿದ ನಾಲ್ವರು ಕಡೆಗೂ ಬಾಯಿ ಬಿಟ್ಟರು. ಇಬ್ಬರು ಕೃಷ್ಣಪ್ಪನ ಹಾಗೆಯೇ ಅದು ಮೇಡಮ್ಮಿಗೆ ಕೊಡುವ ಅಂಕ ಅಂದುಕೊಂಡಿದ್ದರು. ಒಬ್ಬ, ಹೆಚ್ಚು ಬಂದರೆ ಕಾರ್ಖಾನೆಯವರು ನೋಡಿ ಹೆಚ್ಚು ಸಂಬಳದ ರಾತ್ರಿ ಪಾಳಿಯಿಂದ ತೆಗೆಯುತ್ತಾರೆ ಎಂದು ಸೊನ್ನೆ ಹಾಕಿದ್ದ. ನಾಲ್ಕನೆಯವಳು ಗಾರ್ಮೆಂಟ್ಸಿನ ಹೆಂಗಸು. “ಬದುಕೋದೇ ಬೇಡ ಅನ್ಸುತ್ತಾ ಅನ್ನೋ ಒಂಬತ್ನೇ ಪ್ರಶ್ನೆಗೆ ಒಂದ್ಸಲ ಹೌದು ಅಂತ ಹಾಕಿದ್ದೆ. ಮೂರು ಜನ ಫೋನ್ ಮಾಡಿದ್ರು. ನಮ್ಮತ್ತೆ ಎತ್ತಿದ್ರು. ಆಮೇಲಿಂದ ಹಾಕಲ್ಲ,” ಎಂದಳು. ಅವಳ ಹಿಂದೆ ಯಾವುದೋ ಟಿ.ವಿ. ಜೋರಾಗಿ ಕೂಗುತ್ತಿತ್ತು.

ಸುಷ್ಮಾ ಇದನ್ನೆಲ್ಲ ಮೂರು ಪುಟದಲ್ಲಿ ಬರೆದು ಮಹದೇವಪ್ರಸಾದನಿಗೂ ಬೆಂಗಳೂರಿನವರಿಗೂ ಕಳಿಸಿದಳು. ಚೆನ್ನಾಗಿದ್ದ ಇಪ್ಪತ್ತೆರಡು ಜನರ ಸಂಖ್ಯೆಯನ್ನೂ ಮುಚ್ಚಿಡಲಿಲ್ಲ. ಕೊನೆಯಲ್ಲಿ ತಾನು ತಡೆ ವಾಪಸು ತೆಗೆದುಕೊಂಡದ್ದನ್ನೂ, ಏಕೆ ಎನ್ನುವುದನ್ನೂ ಬರೆದಳು.

ಹತ್ತು ದಿನದಲ್ಲಿ ಉತ್ತರ ಬಂತು. ನಕ್ಷತ್ರದ ಪ್ರಶ್ನೆಯನ್ನು ಬೇರೆ ಪುಟಕ್ಕೆ ಸಾಗಿಸಿದರು. ‘ಈ ಉತ್ತರಗಳು ನಿಮ್ಮ ಬಗ್ಗೆ ಮಾತ್ರ, ಸಮಾಲೋಚಕರ ಬಗ್ಗೆ ಅಲ್ಲ’ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿದರು. ಮೂರು ತಿಂಗಳ ಮಟ್ಟಿಗೆ, ಸಮಾಲೋಚಕರು ಒಂದು ಸಲ ಮಾತಾಡಿ ಸಹಿ ಹಾಕದೆ ಯಾರಿಗೂ ಹಸಿರು ಜಾರಿಯಾಗುವುದಿಲ್ಲ ಎಂದರು. ಮಹದೇವಪ್ರಸಾದ್ ಅದಕ್ಕಾಗಿ ಎರಡು ಸಲ ಬೆಂಗಳೂರಿಗೆ ಓಡಾಡಿದ್ದ ಎಂದು ಸಮನ್ವಿತಾ ಹೇಳಿದಳು. ಗಿರಾಕಿಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಮಾತ್ರ ಇದೆಲ್ಲ ‘ದಿಕ್ಕಿನ ಸುಧಾರಿತ ಆವೃತ್ತಿ’ಯಾಗಿತ್ತು. ಕೃಷ್ಣಪ್ಪನ ಕಥೆ ಅದರಲ್ಲಿ ಎಲ್ಲೂ ಇರಲಿಲ್ಲ. ಹಸಿರು ಬಿದ್ದ ಉಳಿದ ಇನ್ನೂರು ಜನಕ್ಕೆ ಮನುಷ್ಯರು ಕರೆ ಮಾಡಲಿಲ್ಲ, ‘ನೀವು ಹೇಗಿದ್ದೀರಿ?’ ಎಂದು ಒಂದು ಸಂದೇಶ ಹೋಯಿತು.

ಅದರ ಜೊತೆಗೇ ಸುಷ್ಮಾಳಿಗೆ ಮೆಮೋ ಬಂತು: ನಿಯಮ ಮೀರಿ ರೋಗಿಯ ಮನೆಗೆ ಹೋದದ್ದಕ್ಕೆ ವಿಷಾದ ವ್ಯಕ್ತಪಡಿಸಿ ಸಹಿ ಮಾಡಬೇಕು.

“ಒಂದು ಸಹಿ, ಸುಷ್ಮಾ,” ಎಂದ ಮಹದೇವಪ್ರಸಾದ್. ದಣಿದಿದ್ದ. “ಹಾಕಿಬಿಡಿ. ನಾನು ಇದನ್ನ ಇಲ್ಲಿಗೇ ಮುಗಿಸ್ತೀನಿ.”

“ಹೋಗದೆ ಇದ್ದದ್ದಕ್ಕೆ ಬರ್ಕೊಡಿ, ಹಾಕ್ತೀನಿ. ಮೂರು ವಾರ ಹೋಗದೆ ಇದ್ದೆನಲ್ಲ, ಅದಕ್ಕೆ ವಿಷಾದ ಇದೆ. ಹೋದದ್ದಕ್ಕಿಲ್ಲ.”

ಅವಳು ಸಹಿ ಹಾಕಲಿಲ್ಲ. ಮೇಟಗಳ್ಳಿಯ ಕಾರ್ಖಾನೆಗಳ ಪಟ್ಟಿಯನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಕೆಲಸ ಉಳಿಯಿತು, ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ.

ಕೃಷ್ಣಪ್ಪ ವಾರ್ಡಿನಿಂದ ಮನೆಗೆ ಬಂದಿದ್ದ. ಪ್ರತಿ ಮಂಗಳವಾರ ಆಸ್ಪತ್ರೆಗೆ ತೋರಿಸಬೇಕಿತ್ತು. ಆಗಸ್ಟ್ ಕೊನೆಯ ಮಂಗಳವಾರ ಸುಷ್ಮಾ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದಳು. ಗಂಡ ಹೆಂಡತಿ ಬೆಂಚಿನ ಮೇಲೆ ಕೂತಿದ್ದರು. ಅವನು ಗಡ್ಡ ಬೋಳಿಸಿಕೊಂಡಿದ್ದ, ಒಗೆದ ಷರಟು ಹಾಕಿದ್ದ. ಮೂವರೂ ಹವೆಯ ಬಗ್ಗೆ, ಮಾತ್ರೆಯಿಂದ ಬಾಯಿ ಒಣಗುವುದರ ಬಗ್ಗೆ ಮಾತಾಡಿದರು.

“ಒಂದ್ ಮಾತು ಹೇಳ್ಲಾ ಮೇಡಮ್? ಬೇಜಾರ್ ಮಾಡ್ಕೋಬಾರ್ದು,” ಎಂದ ಕೃಷ್ಣಪ್ಪ.

“ಹೇಳಿ.”

“ನಂಗೆ ನಿಮ್ಮ ಮೇಲೆ ಬಾಳ ಸಿಟ್ಟಿದೆ.” ಅವನು ಅವಳ ಕಡೆ ನೋಡದೆ, ಎದುರಿನ ಗೋಡೆಗೆ ಹೇಳುವವನ ಹಾಗೆ ಹೇಳಿದ. “ಆ ಬಲೂನು ಬಂತಲ್ಲ, ಅವತ್ತು. ನಾನು ಸುಳ್ಳು ಹಾಕ್ತಿದ್ದೆ, ನಿಜ. ನನ್ನ ತಪ್ಪು. ಆದ್ರೆ ನೀವು ಕಂಡುಹಿಡೀತೀರ ಅಂದ್ಕೊಂಡಿದ್ದೆ. ಅಷ್ಟು ಮಾತಾಡ್ತಿದ್ರಿ, ಇವ್ರಿಗೆ ಗೊತ್ತಾಗ್ದೆ ಇರ್ತದಾ ಅಂತ. ಗೊತ್ತಾಗ್ಲಿಲ್ವಲ್ಲ ಅಂತ ಬಾಳ ಇದಾಯ್ತು.”

ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡು ತಲೆ ತಗ್ಗಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸುಷ್ಮಾಳಿಗೆ ಅದು ಆಗಲಿಲ್ಲ.

“ಗೊತ್ತಾಗಿತ್ತು,” ಎಂದಳು.

ಕೃಷ್ಣಪ್ಪ ಈಗ ಅವಳ ಕಡೆ ತಿರುಗಿದ. “ಗೊತ್ತಾಗಿತ್ತಾ?”

“ನಿಮ್ಮ ಧ್ವನಿಯಲ್ಲೇ ಗೊತ್ತಾಗಿತ್ತು. ಬೇಡ, ಇವರನ್ನ ಬಿಡಬೇಡಿ ಅಂತ ಬರೆದೂ ಇದ್ದೆ. ಆಮೇಲೆ ನಾನೇ ಅದನ್ನ ತೆಗೆದೆ. ಆಫೀಸಿನಲ್ಲಿ ಏನಂತಾರೋ ಅಂತ.”

ಅವನ ಮುಖ ಕೆಂಪಾಯಿತು. ನಾಲ್ಕು ತಿಂಗಳಲ್ಲಿ ಆ ಮುಖದಲ್ಲಿ ಅವಳು ಮೊದಲ ಸಲ ಬಣ್ಣ ಕಂಡಳು. “ಗೊತ್ತಿದ್ದೂ ಬುಟ್ರಾ? ಒಂದು ಫೋನು, ಒಂದೇ ಒಂದು ಫೋನು ಮಾಡಕಾಗ್ಲಿಲ್ವಾ ನಿಮ್ಗೆ? ನಾನು ನಿಮ್ಮ ಕೆಲ್ಸ ಉಳೀಲಿ ಅಂತ ಅಲ್ಲಿ ಸಾಯ್ತಾ ಬಿದ್ದಿದ್ರೆ, ನೀವು...” ದನಿ ಏರಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಸುಷ್ಮಾ ಕಣ್ಣು ತಪ್ಪಿಸಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ನರ್ಸು ಕೃಷ್ಣಪ್ಪನ ಹೆಸರು ಕೂಗಿದರು. ಅವನು ಚೀಟಿ ಹಿಡಿದು ಎದ್ದ. ಬಾಗಿಲವರೆಗೆ ಹೋಗಿ, ಇನ್ನೇನೋ ಹೇಳುವವನಂತೆ ಒಮ್ಮೆ ತಿರುಗಿ, ಹೇಳದೆ ಒಳಗೆ ಹೋದ.

ಸುಷ್ಮಾ ಏಳಲು ಹೊರಟಳು. ದೇವಿರಮ್ಮ ಅವಳ ಮೊಣಕೈ ಹಿಡಿದು ಬೆಂಚಿಗೆ ಒತ್ತಿದಳು.

“ಎಲ್ಲಿಗೆ ಹೊಂಟ್ರಿ? ಕೂತ್ಕಳಿ. ಈಚೆಗೆ ಬಂದು ಮಿಕ್ಕಿದ್ದೂ ಬೈತಾರೆ.”

ಸುಷ್ಮಾ ಕೂತಳು.